ಗಂಟು ಮುಟ್ಟಗೊಡದ ಮಕಾಂದಾರ ಸರ್

ಮಕಾಂದಾರ ಸರ್ ನಮ್ಮ ಸಂಘದ ಸಭೆಗೆ ಬಂದವರೇ ಮೊದಲು ಒಂದು ಕುರ್ಚಿ ಎಳೆದು ಮೇಜಿನ ತುದಿಗೆ ಹಾಕುತ್ತಿದ್ದರು. ಅದರಲ್ಲಿ ತಾವೂ ಕೂರುತ್ತಿರಲಿಲ್ಲ, ಬೇರೆಯವರನ್ನೂ ಕೂರಗೊಡುತ್ತಿರಲಿಲ್ಲ. ಗೊತ್ತಿಲ್ಲದೆ ಯಾರಾದರೂ ಕೂತರೆ, "ಏಳ್ರಿ, ಅದು ಇನ್ನೂ ಬರಬೇಕಾದವರದು" ಎನ್ನುತ್ತಿದ್ದರು. ಬರಬೇಕಾದವರು ಎಂದರೆ ಇನ್ನು ಮೂವತ್ತು ವರ್ಷ ಬಿಟ್ಟು ಕರ್ನಾಟಕದಿಂದ ನ್ಯೂಜಿಲೆಂಡಿಗೆ ಓದಲು ಬರುವ ಮಕ್ಕಳು. ಅವರಿನ್ನೂ ಹುಟ್ಟಿಯೇ ಇರಲಿಲ್ಲ. ಹುಟ್ಟದವರಿಗೆ ಕುರ್ಚಿ ಹಾಕುವ ಈ ಮನುಷ್ಯನ ತಲೆ ಸರಿ ಇದೆಯೇ ಎಂದು ನಾನು ಮೊದಲ ಸಲ ಕೇಳಿದಾಗಲೇ ಅಂದುಕೊಂಡಿದ್ದೆ.

ಅವರ ಊರು ಗದಗ. ನಾರ್ವೆಯ ತೈಲ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷ ದುಡಿದು, ಆಮೇಲೆ ನ್ಯೂಜಿಲೆಂಡಿಗೆ ಬಂದು, ನಿವೃತ್ತರಾಗಿ ವೆಲ್ಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿ ಮನೆ ಮಾಡಿದ್ದರು. ಮೊಣಕೈಯಲ್ಲಿ ತೇಪೆ ಹಾಕಿದ ಬೂದು ಸ್ವೆಟರ್ ಬೇಸಿಗೆಯಲ್ಲೂ ಮೈಮೇಲಿರುತ್ತಿತ್ತು. ಬ್ರೆಡ್ಡಿನ ಚೀಲಗಳನ್ನು ತೊಳೆದು ಹಗ್ಗಕ್ಕೆ ಒಣಹಾಕುತ್ತಿದ್ದರು. ವೆಲ್ಲಿಂಗ್ಟನ್ನಿನ ಗಾಳಿಗೆ ಅವು ಪಕ್ಕದ ಮನೆಗೆ ಹಾರಿದರೆ ಹೋಗಿ ಕೇಳಿ ತರುತ್ತಿದ್ದರು. ಮಾತು ಶುರುವಾದರೆ "ನಾರ್ವೇದಾಗ" ಎಂದೇ ಶುರು. ಬೆನ್ನ ಹಿಂದೆ ಎಲ್ಲರೂ ಅವರನ್ನು ನಾರ್ವೆ ಸಾಹೇಬರು ಅನ್ನುತ್ತಿದ್ದರು.

ಮಕ್ಕಳಿಲ್ಲದ ಕನ್ನಡಿಗ ಡಾಕ್ಟರೊಬ್ಬರು ಸಾಯುವಾಗ ತಮ್ಮ ಮನೆಯನ್ನು ಕರ್ನಾಟಕದಿಂದ ಇಲ್ಲಿಗೆ ಓದಲು ಬಂದ ಹಳೆಯ ವಿದ್ಯಾರ್ಥಿಗಳ ನಮ್ಮ ಸಂಘಕ್ಕೆ ಬರೆದಿಟ್ಟಿದ್ದರು. ಮನೆ ಮಾರಿ ಬಂದ ದೊಡ್ಡ ಮೊತ್ತವನ್ನು ಏನು ಮಾಡುವುದೆಂದು ಎಲ್ಲರೂ ಬಾಯಿ ಚಪ್ಪರಿಸುತ್ತಿದ್ದಾಗ ಸರ್ ನಾರ್ವೆಯ ಪದ್ಧತಿಯನ್ನು ತಂದು ಹೇರಿದರು. ಸಮುದ್ರದಡಿಯ ಎಣ್ಣೆಯ ದುಡ್ಡನ್ನು ಆ ದೇಶ ಒಂದು ನಿಧಿಗೆ ಹಾಕಿ, ಗಂಟಿಗೆ ಕೈ ಹಾಕದೆ, ಅದರಿಂದ ಹುಟ್ಟುವ ಆದಾಯದಷ್ಟನ್ನೇ ಖರ್ಚು ಮಾಡುತ್ತದಂತೆ. ನಮ್ಮ ಸಂಘವೂ ಹಾಗೇ ಮಾಡಬೇಕು. ವರ್ಷದ ಆದಾಯದಲ್ಲಿ ಇಬ್ಬರು ಬಡ ವಿದ್ಯಾರ್ಥಿಗಳಿಗೆ ನೆರವು, ಅಷ್ಟೇ. ಗಂಟು ಮುಟ್ಟಬೇಕೆಂದರೆ ಸರ್ ಸೇರಿ ಐದೂ ಜನ ಟ್ರಸ್ಟಿಗಳು ಒಪ್ಪಬೇಕು.

ಟ್ರಸ್ಟಿಗಳಲ್ಲೊಬ್ಬರಾದ ಮೈಸೂರಿನ ಸುಧೀಂದ್ರ ಆಗ ದೋಸೆ ಹೋಟೆಲ್ ತೆರೆಯುವ ಉಮೇದಿನಲ್ಲಿದ್ದರು. "ನಮ್ ದುಡ್ಡು ನಮ್ಮವ್ರಲ್ಲೇ ತಿರುಗ್ಲಿ ಸರ್. ನನ್ ಹೋಟ್ಲಿಗೆ ಹಾಕಿ, ಬ್ಯಾಂಕಿಗಿಂತ ಜಾಸ್ತಿ ಕೊಡ್ತೀನಿ" ಎಂದರು.

"ಆಗಂಗಿಲ್ಲ" ಎಂದರು ಸರ್. "ನಾರ್ವೇದಾಗ ಆ ನಿಧಿ ದುಡ್ಡು ಪೂರಾ ಹೊರದೇಶದಾಗ ಹೂಡತಾರ. ಒಳಗ ಬಿಟ್ರ ಎಲ್ಲಾ ತುಟ್ಟಿ ಆಗತದ, ಮೀನ ಹಿಡಿಯಾಂವ ಸುಲಭದ ದುಡ್ಡು ನೋಡಿ ಬಲಿ ಬಿಟ್ಟು ಕುಂದರತಾನ. ಇವತ್ತ ನಿನಗ ಕೊಟ್ರ, ನಾಳೆ ನಿನ್ನ ದೋಸಿ ಸೀದಿದ್ರೂ ಛಲೋ ಐತಿ ಅನ್ನಬೇಕು ನಾವು."

ಈ ಕತೆ ಕೇಳಿ ನಾನೂ ನಕ್ಕಿದ್ದೆ. ನನ್ನ ಸರದಿ ಬರುವ ತನಕ.

ನಾನು ಆಗ ನ್ಯೂಜಿಲೆಂಡಿನ ದಕ್ಷಿಣದ ಡನೀಡಿನ್‌ನಲ್ಲಿ ಓದುತ್ತಿದ್ದೆ. ಕೊನೆಯ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಕೊಪ್ಪಳದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ನನ್ನ ಫೀಸಿಗೆಂದು ಇಟ್ಟಿದ್ದ ಹಣವೆಲ್ಲ ಆಸ್ಪತ್ರೆಗೆ ಹೋಯಿತು. ಶುಕ್ರವಾರದೊಳಗೆ ಕಟ್ಟದಿದ್ದರೆ ದಾಖಲಾತಿ ರದ್ದು, ಅದರ ಹಿಂದೆಯೇ ವೀಸಾ. ಫ್ಲಾಟ್‌ಮೇಟ್ ಹತ್ತಿರ ಟಿಕೆಟ್ಟಿನ ಹಣ ಪಡೆದು ವಿಮಾನ ಹತ್ತಿ ವೆಲ್ಲಿಂಗ್ಟನ್ನಿಗೆ ಬಂದು, ಬುಧವಾರ ಮಧ್ಯಾಹ್ನ ಆ ಐದು ಜನರ ಮುಂದೆ ನಿಂತೆ. ಆ ವರ್ಷದ ಆದಾಯ ಆಗಲೇ ಇಬ್ಬರಿಗೆ ಹಂಚಿಹೋಗಿತ್ತು. ಉಳಿದಿದ್ದು ಗಂಟು ಮಾತ್ರ.

ನಾನು ಹೇಳಿ ಮುಗಿಸುವ ಮೊದಲೇ ಮಂಗಳೂರಿನ ಗ್ರೇಸ್ ಆಂಟಿ ಕಣ್ಣೊರೆಸಿಕೊಂಡು ಕೈ ಎತ್ತಿದರು. ಸುಧೀಂದ್ರ ಎತ್ತಿದರು. ಇನ್ನಿಬ್ಬರೂ ಎತ್ತಿದರು. ಸರ್ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂತಿದ್ದರು. ಕಿಟಕಿಯ ಗಾಜು ಗಾಳಿಗೆ ಅದುರುತ್ತಿತ್ತು.

"ಶುಕ್ರವಾರಕ್ಕ ಎರಡ ದಿನ ಐತ್ರಿ ಸರ್" ಎಂದೆ.

"ನೀ ಮುಂದ ನಿಂತೀದಿ, ನಿನ್ನ ಮುಖ ಕಾಣಸ್ತದ" ಎಂದು ಅವರು ಖಾಲಿ ಕುರ್ಚಿಯ ಕಡೆ ನೋಡಿದರು. "ಅಲ್ಲಿ ಕುಂತಾಕಿ ಮುಖ ಯಾರಿಗೂ ಕಾಣಂಗಿಲ್ಲ. ಆಕಿ ಪರವಾಗಿ ಒಬ್ಬರರ ಬ್ಯಾಡ ಅನಬೇಕಲ್ಲವಾ. ನನ್ನ ಕೈಲೆ ಆಗಂಗಿಲ್ಲ."

"ಮಕಾಂದಾರ್, ಕಲ್ಲಾ ನೀವು?" ಎಂದು ಗ್ರೇಸ್ ಆಂಟಿ ಕೇಳಿಯೇಬಿಟ್ಟರು. ಸರ್ ಗಾಡಿಯ ಕೀಲಿ ತೆಗೆದುಕೊಂಡು ಎದ್ದರು.

ವಿಮಾನ ನಿಲ್ದಾಣಕ್ಕೆ ನನ್ನನ್ನು ಬಿಟ್ಟವರೂ ಅವರೇ. ಹಿಂಭಾಗ ತೆರೆದ ತಮ್ಮ ಹಳೆಯ ಯೂಟ್ ಗಾಡಿಯಲ್ಲಿ ನನ್ನ ಚೀಲವನ್ನು ತಾವೇ ಎತ್ತಿಟ್ಟರು. ಅರ್ಧ ದಾರಿಯಲ್ಲಿ, "ಊಟಾ ಮಾಡೀ?" ಎಂದರು. ಒಬ್ಬ ಮನುಷ್ಯನನ್ನು ಅಷ್ಟು ದ್ವೇಷಿಸಿದ್ದು ಅದೇ ಮೊದಲು.

ಓದು ನಿಲ್ಲಿಸಿ ಕೊಪ್ಪಳಕ್ಕೆ ಹೋದೆ. ಒಂದು ವರ್ಷ ಅಪ್ಪನ ಹಾಸಿಗೆಯ ಪಕ್ಕದಲ್ಲಿದ್ದೆ. ಅವರು ತೀರಿಕೊಂಡ ಮೇಲೆ ವಿಮೆಯ ಹಣದಲ್ಲಿ ವಾಪಸ್ ಬಂದು ಪದವಿ ಮುಗಿಸಿದೆ. ವೆಲ್ಲಿಂಗ್ಟನ್ನಿನಲ್ಲಿ ಸರ್ಕಾರಿ ಇಲಾಖೆಯೊಂದರಲ್ಲಿ ಕೆಲಸ ಸಿಕ್ಕಿತು. ಅಷ್ಟರಲ್ಲಿ ಒಬ್ಬ ಟ್ರಸ್ಟಿ ಆಸ್ಟ್ರೇಲಿಯಾಕ್ಕೆ ಹೋಗಿದ್ದರಿಂದ ಜಾಗ ಖಾಲಿಯಾಯಿತು. ನನ್ನ ಹೆಸರು ಸೂಚಿಸಿದವರು ಸರ್ ಅಂತೆ. "ಇಲ್ಲಾ ಅನಿಸಿಕೊಂಡಾಕಿ ಒಬ್ಬಾಕಿ ಇರಲಿ" ಎಂದರಂತೆ. ನಾನು ಒಪ್ಪಿದ್ದು ಒಳ್ಳೆಯತನದಿಂದಲ್ಲ. ಇವರು ಎಂದಾದರೂ ಎಡವುತ್ತಾರೆ, ಆಗ ನಾನಲ್ಲಿ ಇರಬೇಕು ಎಂಬ ಛಲದಿಂದ.

ಎರಡು ವರ್ಷ ಕಾದೆ. ಆಮೇಲೆ ಜಗತ್ತಿನಲ್ಲಿ ಎಣ್ಣೆಯ ಬೆಲೆ ಬಿತ್ತು. ಒಂದು ದಿನ ಆಫೀಸಿನಲ್ಲಿ ಒಂದು ಸುದ್ದಿ ಓದಿದೆ. ನಾರ್ವೆ ಸರ್ಕಾರ ಆ ನಿಧಿಗೆ ಹಾಕುವುದಕ್ಕಿಂತ ಹೆಚ್ಚು ಹಣವನ್ನು ಅದರಿಂದ ತೆಗೆಯುತ್ತಿದೆ ಎಂದಿತ್ತು. ಅದನ್ನು ಮುದ್ರಿಸಿಕೊಂಡು, ಭಾನುವಾರ ರೈಲಿನಲ್ಲಿ ಜಾನ್ಸನ್‌ವಿಲ್‌ಗೆ ಹೋದೆ.

ಎದೆಯ ಆಪರೇಷನ್ ಆಗಿ ಸರ್ ತೀರಾ ಸೊರಗಿದ್ದರು. ಸ್ವೆಟರಿನೊಳಗೆ ಮನುಷ್ಯನೇ ಇಲ್ಲವೇನೋ ಅನ್ನಿಸುತ್ತಿತ್ತು. ಆ ಸ್ಥಿತಿಯಲ್ಲೂ ನನಗೆ ಕರುಣೆ ಬರಲಿಲ್ಲ. ಕಾಗದವನ್ನು ಮುಂದಿಟ್ಟೆ. "ಅವರು ತಗದಾರ್ರಿ ಸರ್. ನಿಮ್ಮ ನಾರ್ವೇದವರು."

ಅವರು ಓದಲೂ ಇಲ್ಲ. "ಹೂಂ. ತಗೀತಾರ. ನಿಯಮದಾಗ ಐತಿ."

"ಏನಂದ್ರಿ?"

"ನಿಯಮಕ್ಕ ಇನ್ನರ್ಧ ಐತೆವಾ. ಕೆಟ್ಟ ವರ್ಷ ಬಂದ್ರ ಸ್ವಲ್ಪ ಹೆಚ್ಚು ತಗೀಬಹುದು. ಛಲೋ ವರ್ಷದಾಗ ಕಡಿಮಿ ತಗದು ಸರಿ ಮಾಡಬೇಕು. ಅಲ್ಲಿ ಮಂದಿ ಆಮ್ಯಾಲ ಕಡಿಮಿ ಮಾಡತಾರ ಅಂತ ನಂಬಿಕಿ ಐತಿ. ನಮ್ಮ ಮ್ಯಾಲ ನನಗ ಆ ನಂಬಿಕಿ ಇರಲಿಲ್ಲ. ಬಾಗಲಾ ಒಂದ ಬೆರಳಷ್ಟು ತಗದ್ರ ಪೂರಾ ಮನೀನ ಹೊತ್ತೊಯ್ತೀರಿ ಅಂತ ಅಂಜಿದೆ. ಅದಕ್ಕ ಅರ್ಧಾನ ಹೇಳಿದೆ."

"ನಾ ಬಂದ ದಿನಾನೂ ನಿಮಗ ಗೊತ್ತಿತ್ತಾ?"

"ಗೊತ್ತಿತ್ತು." ಕಾಗದವನ್ನು ನನ್ನ ಕಡೆ ಸರಿಸಿದರು. "ನಿನ್ನ ಒಂದ ವರ್ಷ ನಾ ತಿಂದೆ. ಹಾಳು ಮಾಡಿದೆ. ಆವತ್ತಿಂದ ಇದೊಂದ ನನಗ ನುಂಗಾಕ ಆಗಿಲ್ಲ."

ಅವರ ಹೆಂಡತಿ ಚಹಾ ತಂದಿಟ್ಟಿದ್ದರು. ನಾನು ಅದನ್ನು ಮುಟ್ಟದೆ ಎದ್ದೆ. "ಹೌದ್ರಿ, ತಿಂದ್ರಿ" ಎಂದೆ. ಬೇಕೆಂದೇ, ಅವರಿಗೆ ನಾಟುವಂತೆ ಅಂದೆ. ನಾಟಿದ್ದು ಅವರ ಮುಖದಲ್ಲಿ ಕಂಡಿತು. ರೈಲಿನಲ್ಲಿ ಕೂತ ಮೇಲೆ, ಮುಂದಿನ ಭಾನುವಾರ ಮತ್ತೆ ಹೋಗಬೇಕು, ಹೋಗಿ ಇನ್ನೊಂದು ಮಾತು ಹೇಳಬೇಕು ಅಂದುಕೊಂಡೆ. ಅವರು ಗುರುವಾರವೇ ತೀರಿಕೊಂಡರು.

ಗಾಳಿ ಬೀಸುವ ಗುಡ್ಡದ ಮೇಲೆ ಅವರನ್ನು ಮಣ್ಣು ಮಾಡಿದರು. ನಾವು ಹೆಂಗಸರು ದೂರದಲ್ಲಿ ನಿಂತಿದ್ದೆವು. ಗ್ರೇಸ್ ಆಂಟಿ ನನ್ನ ಕೈ ಹಿಡಿದುಕೊಂಡು, "ಪಾಪ, ನಿನ್ನ ವಿಷಯದಲ್ಲಿ ಭಾರೀ ನೊಂದುಕೊಂಡಿದ್ರು ಮಾರಾಯ್ತಿ" ಎಂದರು. ಸಂಘದ ನಿಯಮದಲ್ಲಿ ಆ ಇನ್ನರ್ಧವನ್ನು ಮುಂದಿನ ತಿಂಗಳೇ ಬರೆಸಿದೆ. ಅದು ನನ್ನಿಂದಾಗುವ ಕೆಲಸವಾಗಿತ್ತು. ಹೇಳಬೇಕೆಂದಿದ್ದ ಮಾತು ಮಾತ್ರ ನನ್ನಲ್ಲೇ ಉಳಿಯಿತು. ನಾನು ಕೊಪ್ಪಳದಲ್ಲಿದ್ದ ಆ ವರ್ಷ ಅಪ್ಪ ಎಡಗೈಯಿಂದ ನನ್ನ ಬೆರಳು ಹಿಡಿದುಕೊಂಡೇ ಮಲಗುತ್ತಿದ್ದರು, ಕೊನೆಯ ಗುಟುಕು ನೀರನ್ನು ನನ್ನ ಕೈಯಿಂದಲೇ ಕುಡಿದರು. ಅವತ್ತು ಐದನೆಯ ಕೈ ಎದ್ದಿದ್ದರೆ ನಾನು ಡನೀಡಿನ್‌ನಲ್ಲಿ ಪರೀಕ್ಷೆ ಬರೆಯುತ್ತಿದ್ದೆ. ಆ ವರ್ಷ ಹಾಳಾಗಲಿಲ್ಲ ಸರ್ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾನು ಹೇಳಲಿಲ್ಲ.