ಇಹ್ಸಾನಳ ಬೆಣ್ಣೆ ಮಡಕೆ

ಸೆಫ್ರೂ ಊರಿನ ಅಂಚೆ ಕಚೇರಿಯಲ್ಲಿ ಜೀವಮಾನವಿಡೀ ಮುದ್ರೆ ಒತ್ತಿದ ಜಿಲಾಲಿ, ನಿವೃತ್ತನಾದ ಮರುದಿನದಿಂದ ವೈದ್ಯನಾಗಿಬಿಟ್ಟ. ಓದಿದ್ದು ಎಲ್ಲಿ ಎಂದು ಕೇಳಿದರೆ ಜೇಬಿನಿಂದ ಫೋನು ತೆಗೆದು ತೋರಿಸುತ್ತಿದ್ದ.

ಮೊದಲು ಮೊಟ್ಟೆಯ ಹಳದಿಗೆ ಬಹಿಷ್ಕಾರ ಬಿತ್ತು. ಹೃದಯಕ್ಕೆ ಕೆಟ್ಟದ್ದಂತೆ. ಅಷ್ಟನ್ನೂ ತಿಂದ ಪಕ್ಕದ ಮನೆಯ ಬೆಕ್ಕು ದಿಂಬಿನಂತಾಯಿತು. ಮರುವರ್ಷ ಇನ್ನೊಂದು ಸಂಶೋಧನೆ ಬಂತು: ಸತ್ವವೆಲ್ಲ ಹಳದಿಯಲ್ಲೇ! ಜಿಲಾಲಿ ಬೆಕ್ಕನ್ನು ಹೊಟ್ಟೆಕಿಚ್ಚಿನಿಂದ ನೋಡಿದ. ಕಾಫಿ ಬಿಟ್ಟ, ಹಿಡಿದ, ಮತ್ತೆ ಬಿಟ್ಟ. ಪುದೀನ ಚಹಾಕ್ಕೆ ಸಕ್ಕರೆ ನಿಲ್ಲಿಸಿದಾಗ, ಒಂದು ಗುಟುಕು ಕುಡಿದ ನೆಂಟರು ಮನೆಯಲ್ಲಿ ಯಾರೋ ತೀರಿಕೊಂಡಿರಬೇಕೆಂದು ದನಿ ತಗ್ಗಿಸಿ ಮಾತಾಡಿದರು.

ಇಷ್ಟಕ್ಕೇ ನಿಂತಿದ್ದರೆ ನಗುವ ಮಾತಾಗಿತ್ತು. ಆದರೆ ಬೆಣ್ಣೆ ವಿಷವೆಂಬ ಸುದ್ದಿ ಬಂದ ದಿನ ಅವನು ಅಂಗಳ ಅಗೆದು, ಮಗಳು ಇಹ್ಸಾನ್ ಹುಟ್ಟಿದ ಖುಷಿಗೆ ಊರ ವಾಡಿಕೆಯಂತೆ ಹೂತಿಟ್ಟಿದ್ದ ಉಪ್ಪುಬೆಣ್ಣೆಯ ಮಡಕೆಯನ್ನು ಹೊರತೆಗೆದ. ಅದನ್ನು ತೆಗೆಯಬೇಕಾದದ್ದು ಅವಳ ಮದುವೆಯ ಗೋಧಿರವೆ ಕುಸ್ಕುಸ್ ಊಟಕ್ಕೆ. ಹೆಂಡತಿ ಝೂರ್ ಅತ್ತು ಕರೆದರೂ ಕೇಳಲಿಲ್ಲ. ಆಹಾರ ಚೆಲ್ಲಿದರೆ ಪಾಪವೆಂದು, ಹೊತ್ತುಕೊಂಡು ಹೋಗಿ ವಿಧವೆ ಅಕ್ಕ ತಾಮುವಿಗೆ ಕೊಟ್ಟ.

“ಇದು ವಿಷ ಕಣಕ್ಕಾ, ಮನೇಲಿ ಇಟ್ಕೋಬಾರ್ದು.”

“ಅದಕ್ಕೇ ನಂಗೆ ಕೊಡ್ತಿದ್ದೀಯಾ? ಭಲೇ ತಮ್ಮ! ಇಟ್ಟು ಹೋಗು.”

ಈ ಚಳಿಗಾಲ ಇಹ್ಸಾನಳಿಗೆ ಗಂಡು ಗೊತ್ತಾಯಿತು. ಅದೇ ವಾರ ಫೋನು ಹೇಳಿತು: ಬೆಣ್ಣೆಗೆ ಅಷ್ಟೆಲ್ಲ ಹೆದರಬೇಕಾಗಿರಲಿಲ್ಲ. ಜೋರಾಗಿ ಓದಲು ಶುರುಮಾಡಿದ ಜಿಲಾಲಿಯ ದನಿ ಅರ್ಧಕ್ಕೇ ಇಳಿಯಿತು.

“ಓದ್ರೀ, ಓದಿ,” ಎಂದಳು ಝೂರ್. “ಓದಿ ಮುಗಿಸಿ ನನ್ನ ಮಗಳ ಮಡಕೆ ತಂದ್ಕೊಡಿ.”

ಗಂಡಿನ ಕಡೆಯ ಹಿರಿಯರು ಊಟಕ್ಕೆ ಮೊದಲು ಮೂಸಿ ನೋಡುವ ಜನ. ಹಳೆ ಬೆಣ್ಣೆಯ ಘಾಟಿಲ್ಲದಿದ್ದರೆ, ಹೆಣ್ಣು ಹುಟ್ಟಿದ್ದಕ್ಕೆ ಈ ಅಪ್ಪ ಮುಖ ತಿರುಗಿಸಿದ್ದನೆಂದೇ ತಿಳಿಯುತ್ತಾರೆ. ಸಂತೆಯಲ್ಲಿ ಸಿಕ್ಕಿದ್ದೆಲ್ಲ ಎಳಸು ಬೆಣ್ಣೆ. ಫೋನಿನ ಆ ಪಂಡಿತರು ಮೊದಲು ತಮ್ಮತಮ್ಮಲ್ಲೇ ಜಗಳವಾಡಿ ಮುಗಿಸಿ ಆಮೇಲೆ ತನಗೆ ಹೇಳಬಾರದಿತ್ತೇ ಎಂದು ಜಿಲಾಲಿ ಹಲ್ಲು ಕಡಿದ.

ಮದುವೆಗೆ ಕರೆಯುವ ನೆಪದಲ್ಲಿ ಅಕ್ಕನ ಮನೆಗೆ ಹೋದ. ಕರೆದ. ಎದ್ದು ಹೊರಡಲಿಲ್ಲ, ಕೇಳುವುದಕ್ಕೆ ಬಾಯೂ ಬರಲಿಲ್ಲ. ಬಡ ಹೆಂಗಸು, ಎಂದೋ ತಿಂದು ಮುಗಿಸಿರುತ್ತಾಳೆ.

“ಸುಮ್ನೆ ಯಾಕೆ ಕೂತೆ?” ಎಂದಳು ತಾಮು. “ಗುದ್ದಲಿ ಬಾಗಿಲ ಹಿಂದಿದೆ. ಅಂಜೂರದ ಬುಡ ಅಗಿ.”

“ತಿಂದಿಲ್ವೇನಕ್ಕಾ?”

“ಏನು, ನನ್ನ ಮದುವೆಗೆ ಹೂತಿದ್ದಾ ಅದು? ನೀನು ಕಾಫಿ ಬಿಟ್ಟಿದ್ದು ಎಷ್ಟು ದಿನ ಅಂತ ನಾನು ನೋಡಿರ್ಲಿಲ್ವಾ? ಬೆಣ್ಣೆ ಮೇಲಿನ ಕೋಪಾನೂ ಅಷ್ಟೇ ಅಂದ್ಕೊಂಡೆ.”

ಮದುವೆಯ ದಿನ ಮಡಕೆಯ ಮುಚ್ಚಳ ತೆಗೆದಾಗ ಘಾಟು ಬೀದಿಯ ತುದಿಗೆ ಮುಟ್ಟಿತು. ವರನ ಅಜ್ಜ ಕಣ್ಣು ಮುಚ್ಚಿ ಉಸಿರೆಳೆದುಕೊಂಡು, “ಈ ಹುಡುಗಿ ಹುಟ್ಟಿದ ದಿನ ಈ ಮನೇಲಿ ಹಬ್ಬ ಆಗಿತ್ತು” ಎಂದ. ಜಿಲಾಲಿ ಮೊದಲ ತಟ್ಟೆಯನ್ನು ತಾನೇ ಹೊತ್ತು ಹೆಂಗಸರ ಕೋಣೆಗೆ ಹೋಗಿ ಅಕ್ಕನ ಮುಂದಿಟ್ಟ.

“ಮೊದಲು ನೀನು ತಿನ್ನಕ್ಕಾ.”

“ಯಾಕೋ, ವಿಷಾನಾ ಅಂತ ನೋಡೋಕಾ?”

ಕೋಣೆಗೆ ಕೋಣೆಯೇ ನಕ್ಕಿತು. ಜಿಲಾಲಿ ಬಗ್ಗಿ ಅಕ್ಕನ ತಲೆಗೆ ಮುತ್ತಿಟ್ಟ. ತಾಮು ಮೊದಲ ತುತ್ತನ್ನು ಉಂಡೆ ಕಟ್ಟಿ ಅವನ ಬಾಯಿಗೇ ಇಟ್ಟಳು.