‘ಇದನ್ನ ಡಿಪ್ ಅಂತಾರಾ?’: ಮೂರನೇ ಲೇನಿನ ಲೈಟಕ್ಕ

ಬೆಳಗಿನ ಆರು ಗಂಟೆಗೆ ಹತ್ತು ನಿಮಿಷ ಬಾಕಿ. ವಾಹನ ತಪಾಸಣಾ ಕೇಂದ್ರದ ಮೂರನೇ ಲೇನಿನಲ್ಲಿ ಹೆಂಗಸೊಬ್ಬರು ನೆಲಕ್ಕೆ ಮೊಣಕಾಲೂರಿ, ಸೊಂಟದೆತ್ತರದ ಪೆಟ್ಟಿಗೆಯೊಂದರ ಗಾಜನ್ನು ಹಳೆಯ ಬನಿಯನ್ ತುಂಡಿನಿಂದ ಒರೆಸುತ್ತಿದ್ದಾರೆ. ಕಂಬಿಯ ಮೇಲೆ ಅತ್ತಿತ್ತ ಸರಿಯುವ ಆ ಪೆಟ್ಟಿಗೆಯ ಎದುರು ಗಾಡಿ ನಿಂತರೆ ಹೆಡ್‌ಲೈಟಿನ ಬೆಳಕು ಗಾಜಿನೊಳಗೆ ಹೊಕ್ಕು, ಒಳಗಿನ ಅಂಗೈಯಗಲದ ಬಿಳಿ ಪರದೆಯ ಮೇಲೆ ಬೀಳುತ್ತದೆ. ಬೆಳಕು ಗೆರೆಯ ಕೆಳಗಿದ್ದರೆ ಪಾಸು. ಮೇಲೆ ಚೆಲ್ಲಿದರೆ ಎದುರಿನಿಂದ ಬರುವವನ ಕಣ್ಣಿಗೆ ಹೊಡೆಯುತ್ತದೆಂದು ಅರ್ಥ. ಆಗ ಫೇಲು, ಜೊತೆಗೊಂದು ಜಗಳ.

ಮೊದಲ ಗಾಡಿ ಟ್ಯಾಕ್ಸಿ. ದೀಪ ಹಾಕಿದ್ದೇ ತಡ, ಶೆಡ್ಡಿನ ತಗಡಿನ ಚಾವಣಿಯೂ ಬೆಳ್ಳಗಾಗುತ್ತದೆ.

“ಡಿಪ್ ಮಾಡಿ, ಬೆಳಕು ಕೆಳಗಿಳಿಸಿ.”

“ಮಾಡಿದೀನಲ್ಲಕ್ಕ.”

“ಇದನ್ನ ಡಿಪ್ ಅಂತಾರಾ? ಸೂರ್ಯನ್ನ ತಂದು ಕೂರ್ಸಿದೀರಲ್ಲಪ್ಪ ಒಳಗೆ.”

“ಹೊಸ ಬಲ್ಬು ಅಕ್ಕ. ಒಳ್ಳೇ ಕಂಪ್ನಿದು.”

“ಒಳ್ಳೇದೇ ಇರ್ಬೋದು. ನಿಮ್ಮ ಗಾಡಿದಲ್ಲ ಅಷ್ಟೇ.” ಫೇಲು ಚೀಟಿ ಹರಿದು ಕೊಡುತ್ತಾರೆ. ಟ್ಯಾಕ್ಸಿಯವನು ಅವರನ್ನು ನುಂಗುವಂತೆ ನೋಡಿ ಹೊರಡುತ್ತಾನೆ.

ಹನ್ನೊಂದು ನಿಮಿಷಕ್ಕೆ ಅದೇ ಟ್ಯಾಕ್ಸಿ ವಾಪಸು. ಈಗ ಅದರ ಕಣ್ಣುಗಳಲ್ಲಿ ಸಾಧು ಹಳದಿ ಬೆಳಕು. ಗೆರೆಯ ಕೆಳಗೆ, ಅಚ್ಚುಕಟ್ಟಾಗಿ. ಅವರು ಪಾಸು ಮುದ್ರೆ ಒತ್ತುತ್ತಾರೆ, ಒತ್ತಿದ ಸದ್ದು ಮಾತ್ರ ಇಡೀ ಶೆಡ್ಡಿಗೆ ಕೇಳಿಸುತ್ತದೆ. ಆಮೇಲೆ ನನ್ನತ್ತ ತಿರುಗುತ್ತಾರೆ. “ನೋಡಿದ್ರಲ್ಲ? ಗೇಟ್ ದಾಟಿ ಎದುರು ಅಂಗಡೀಲಿ ಬಲ್ಬ್ ಬದಲಾಯಿಸ್ಕೊಂಡು ಬಂದ್ರು. ಇನ್ನು ಹತ್ತು ನಿಮಿಷಕ್ಕೆ ಅದನ್ನ ವಾಪಸ್ ಕೊಟ್ಟು, ಸೂರ್ಯನ್ನ ಮತ್ತೆ ಹಾಕ್ಕೊಂಡು ಹೋಗ್ತಾರೆ. ಆ ಒಂದು ಜೊತೆ ಬಲ್ಬು ಈ ತಿಂಗಳಲ್ಲಿ ಹದಿನಾಲ್ಕು ಗಾಡಿ ಪಾಸ್ ಮಾಡಿದೆ. ನನಗಿಂತ ಅದರ ಸರ್ವಿಸ್ಸೇ ಚೆನ್ನಾಗಿದೆ.”

ಎದುರಿನ ಆ ಬಿಡಿಭಾಗಗಳ ಅಂಗಡಿ ಯಾರದು ಎಂದು ಕೇಳಿದರೆ ಹಣೆ ಚಚ್ಚಿಕೊಳ್ಳುತ್ತಾರೆ. “ನಮ್ಮ ಭಾವಂದು!”

ಡ್ರೈವರುಗಳ ಬಾಯಲ್ಲಿ ಇವರು ಲೈಟಕ್ಕ. ವಯಸ್ಸು ನಲವತ್ತಾರು. ದಿನಕ್ಕೆ ಅರವತ್ತರಿಂದ ಎಪ್ಪತ್ತು ಗಾಡಿ, ಗಾಡಿಗೆರಡು ದೀಪ, ದೀಪಕ್ಕೊಂದು ಬಾರಿ ಬಗ್ಗುವುದು. ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಯುವಾಗ ಸೊಂಟ ತನ್ನದಲ್ಲವೇನೋ ಎನಿಸುತ್ತದಂತೆ. ಕಣ್ಣಿಂದ ಸದಾ ನೀರು. ಕಣ್ಣಿನ ಡಾಕ್ಟರು ಬಣ್ಣದ ಕನ್ನಡಕ ಬರೆದುಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡರೆ ಪರದೆಯ ಗೆರೆ ಸರಿಯಾಗಿ ಕಾಣುವುದಿಲ್ಲವೆಂದು ಇವರು ಹಾಕುವುದಿಲ್ಲ. ಮೂರರಲ್ಲಿ ಒಂದು ಗಾಡಿ ಫೇಲಾಗುತ್ತದೆ, ಫೇಲಾದವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: “ಇದೊಂದ್ಸಲ ಬಿಟ್ಬಿಡಿ ಅಕ್ಕ.”

ಎಲೆಕ್ಟ್ರಿಕಲ್ ತರಬೇತಿಯ ಬ್ಯಾಚಿನಲ್ಲಿದ್ದ ಒಬ್ಬಳೇ ಹುಡುಗಿ ಇವರು. ಕೆಲಸ ಸಿಕ್ಕಾಗ ಕೂರಿಸಿದ್ದು ಅರ್ಜಿ ಕೌಂಟರಿನಲ್ಲಿ. ದೀಪದ ಲೇನಿನ ಹಿರಿಯರು ನಿವೃತ್ತರಾದಾಗ ಬಗ್ಗುವ ಕೆಲಸ ಯಾರಿಗೂ ಬೇಡವಾಗಿತ್ತು. “ಎಂಟು ದಿನದ ಮಟ್ಟಿಗೆ ನೋಡ್ಕೊಳ್ಳಮ್ಮ ಅಂದ್ರು. ಹತ್ತೊಂಬತ್ತು ವರ್ಷ ಆಯ್ತು. ಆ ಎಂಟು ದಿನ ಇನ್ನೂ ಮುಗಿದಿಲ್ಲ.”

ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವರು, ಇವರಿಗಿಂತ ಮೊದಲೇ ಮನೆ ಬಿಡುತ್ತಾರೆ. ಅದೇ ಮನೆಯ ಮಹಡಿಯಲ್ಲಿ ಅಕ್ಕ, ಭಾವ. ಸಂಜೆ ಎರಡೂ ಸಂಸಾರದ ಊಟ ಒಟ್ಟಿಗೆ. ಬೆಳಿಗ್ಗೆ ಇವರು ಫೇಲು ಮಾಡಿದ ಗಾಡಿಗಳನ್ನು ಪಾಸು ಮಾಡಿಸಿದ ಮನುಷ್ಯ ಸಂಜೆ ಎದುರಿಗೇ ಕೂತು “ಸ್ವಲ್ಪ ಉಪ್ಪು ಕೊಡಮ್ಮ” ಅನ್ನುತ್ತಾರೆ. “ಏನು ಮಾಡೋದು ಹೇಳಿ? ಕೊಡ್ತೀನಿ.”

ಲೈಟಕ್ಕನ ತಲೆ ಚಿಟ್ಟು ಹಿಡಿಸಿರುವುದು ಜನರ ಒಂದೇ ನಂಬಿಕೆ: ಕಾಣದಿದ್ದರೆ ದೊಡ್ಡ ಬಲ್ಬು ಹಾಕು. “ಪ್ರತಿ ಹೆಡ್‌ಲೈಟೂ ತನ್ನ ಬಲ್ಬಿಗೆ ಅಂತ ಅಳತೆ ಮಾಡಿ ಮಾಡಿರೋದು. ಒಳಗೆ ತಂತಿ ಎಲ್ಲಿ ಉರಿಯುತ್ತೆ, ಬೆಳಕು ಎಲ್ಲಿ ತಿರುಗುತ್ತೆ, ಎಲ್ಲಾ ಲೆಕ್ಕ. ಅದರೊಳಗೆ ಬೇರೆ ಥರದ ಬಲ್ಬ್ ತುರುಕಿದ್ರೆ ಬೆಳಕು ದಾರಿ ಬಿಟ್ಟು ಮರದ ತುದಿಗೆ ಹೋಗುತ್ತೆ. ವಾಟ್ ಜಾಸ್ತಿ ಹಾಕಿದ್ರೆ ಹೋಲ್ಡರ್ ಕರಗುತ್ತೆ, ವೈರು ಸುಡುತ್ತೆ. ಬಾಯಿ ಬಡ್ಕೊಂಡ್ರೂ ಕೇಳಲ್ಲ. ಕರಗಿದ ಹೋಲ್ಡರ್ ಕೈಯಲ್ಲಿ ಹಿಡ್ಕೊಂಡು ಬಂದು, ಕಂಪ್ನಿಯವರು ಮೋಸ ಮಾಡಿದ್ರು ಅಂತ ನನ್ನ ಹತ್ರ ಅಳ್ತಾರೆ.”

ಹೋದ ವರ್ಷ ಇವರ ಲೇನಿಗೆ, ಪ್ರತಿ ವರ್ಷ ಬರುವ ಆಂಬುಲೆನ್ಸೊಂದು ಬಂತು. ಬೆಳಕು ಚಾವಣಿಗೆ. ಫೇಲು. ಅರ್ಧ ಗಂಟೆಯಲ್ಲಿ ವಾಪಸು ಬಂದಾಗ ಅದರಲ್ಲಿದ್ದುದು ಭಾವನ ಅಂಗಡಿಯ ಅದೇ ಜೋಡಿ ಬಲ್ಬು. ಇವರು ಮುದ್ರೆಗೆ ಕೈ ಹಾಕಿದರು. ಆಗ ಡ್ರೈವರು ಕೆಳಗಿಳಿದು ಹತ್ತಿರ ಬಂದ.

“ಅಕ್ಕ, ನಿಮಗೆ ಸುಳ್ಳು ಹೇಳಲ್ಲ. ಹೊರಗೆ ಹೋಗಿ ಮತ್ತೆ ಆ ದೊಡ್ಡ ಬಲ್ಬನ್ನೇ ಹಾಕ್ತೀನಿ. ಆಸ್ಪತ್ರೆಗೆ ಹೋಗೋ ನಲವತ್ತು ಕಿಲೋಮೀಟರ್ ದಾರೀಲಿ ಒಂದು ಬೀದಿ ದೀಪ ಇಲ್ಲ. ಈ ಬಲ್ಬಲ್ಲಿ ನನಗೆ ಏನೂ ಕಾಣಲ್ಲ.”

“ಎದುರಿಗೆ ಬರೋರಿಗೆ?”

“ಹೋದ ವಾರ ಒಬ್ಬ ಸ್ಕೂಟರಿನವನು ನನ್ನ ಲೈಟಿಗೆ ಕಣ್ಣು ಕತ್ತಲೆ ಬಂದು ಚರಂಡಿಗೆ ಬಿದ್ದ. ಕಾಲು ಮುರೀತು. ಅವನನ್ನೂ ಹಾಕ್ಕೊಂಡು ಹೋದೆ. ಒಬ್ಬರಿಗೆ ಅಂತ ಹೊರಟೋನು ಇಬ್ಬರನ್ನ ಆಸ್ಪತ್ರೆಗೆ ಸೇರಿಸ್ದೆ ಅಕ್ಕ. ಬಲ್ಬ್ ಹಾಕಿದ್ರೆ ಅವರು ಸಾಯ್ತಾರೆ, ತೆಗೆದ್ರೆ ನಾವು ಸಾಯ್ತೀವಿ. ಏನು ಮಾಡ್ಲಿ ನೀವೇ ಹೇಳಿ.”

ಹತ್ತೊಂಬತ್ತು ವರ್ಷದಲ್ಲಿ ಸಾವಿರಾರು ಜನ ಇವರ ಜೊತೆ ವಾದ ಮಾಡಿದ್ದರು. ಏನು ಮಾಡಲಿ ಎಂದು ಕೇಳಿದವನು ಇವನೊಬ್ಬನೇ. ಲೈಟಕ್ಕ ಮುದ್ರೆ ಕೆಳಗಿಟ್ಟು, “ಎರಡು ಗಂಟೆಗೆ ಬನ್ನಿ” ಎಂದರು.

ಎರಡು ಗಂಟೆಗೆ ಶೆಡ್ಡಿನ ಶಟರ್ ಎಳೆದು ಕತ್ತಲು ಮಾಡಿ, ಆಂಬುಲೆನ್ಸಿನ ಬಾನೆಟ್ ಎತ್ತಿದರು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಹದಿಮೂರೂವರೆ ವೋಲ್ಟ್. ಬಲ್ಬಿನ ಹತ್ತಿರ ಮೀಟರ್ ಹಿಡಿದರೆ ಹನ್ನೊಂದೂ ಇಲ್ಲ. “ಅಲ್ಲೇ ಅರ್ಧ ಬೆಳಕು ಹೋಯ್ತು! ಅರ್ತ್ ವೈರಿನ ತುದಿ ಕೈಯಲ್ಲಿ ಮುಟ್ಟಿದ್ರೆ ಉದುರ್ತಿತ್ತು, ಅಷ್ಟು ತುಕ್ಕು.” ಅದನ್ನು ಕಿತ್ತು, ಉಜ್ಜಿ, ಹೊಸ ವೈರು ಬಿಗಿದರು. ದೀಪದ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಹಳದಿಗಟ್ಟಿ ಮಬ್ಬಾಗಿತ್ತು. ನೀರು ಹಾಕಿ ನುಣುಪು ಉಪ್ಪುಕಾಗದದಿಂದ ತಿಕ್ಕಿ, ಪಾಲಿಶ್ ಹಚ್ಚಿ ಮತ್ತೆ ತಿಕ್ಕಿದರು. ಒಂದೊಂದು ದೀಪಕ್ಕೆ ಮುಕ್ಕಾಲು ಗಂಟೆ.

ಕೊನೆಗೆ ಎದುರಂಗಡಿಗೆ ಹೋಗಿ, ಆ ಗಾಡಿಗೇ ಮಾನ್ಯವಾದ, ಅಷ್ಟೇ ವಾಟಿನ ಹೊಸ ಜೋಡಿ ಬಲ್ಬು ಕೇಳಿದರು. ಭಾವ ಕೈಕಟ್ಟಿ ನಿಂತರು. “ನಿನಗ್ಯಾಕಮ್ಮ ಈ ಉಸಾಬರಿ?”

“ಭಾವ, ಬಲ್ಬ್ ಕೊಡಿ. ಬುದ್ಧಿ ಸಂಜೆ ಊಟದ ಹೊತ್ತಿಗೆ ಕೊಡಿ.”

ಬಲ್ಬು ಕೂರಿಸಿ, ಸ್ಟ್ರೆಚರಿನಲ್ಲಿ ರೋಗಿಯ ಬದಲು ಡ್ರೈವರನ್ನೇ ಮಲಗಿಸಿ, ಹಿಂದೆ ಭಾರ ಇದ್ದಾಗ ದೀಪ ಎಲ್ಲಿಗೆ ಏಳುತ್ತದೆಂದು ನೋಡಿದರು. ಸ್ಕ್ರೂ ತಿರುಗಿಸಿ ಗೆರೆಗೆ ತಂದರು. ಡ್ಯಾಶ್‌ಬೋರ್ಡಿನಲ್ಲಿ ದೀಪ ತಗ್ಗಿಸುವ ಗುಂಡಿ ಇತ್ತು. ಆರು ವರ್ಷ ಆ ಗಾಡಿ ಓಡಿಸಿದವನಿಗೆ ಅದು ಯಾತಕ್ಕೆಂದು ಗೊತ್ತಿರಲಿಲ್ಲ. “ಎಸಿ ಗುಂಡಿ ಅನ್ಕೊಂಡಿದ್ನಂತೆ ಪುಣ್ಯಾತ್ಮ!”

ಎರಡು ದಿನ ಬಿಟ್ಟು ಡ್ರೈವರಿನ ಫೋನು: “ಅಕ್ಕ, ರಸ್ತೆ ಅಂಚು ಕಾಣ್ತಿದೆ. ಎದುರಿಂದ ಯಾರೂ ನನಗೆ ಹೈ ಬೀಮ್ ಹೊಡೆದು ಬೈಲಿಲ್ಲ.”

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಿತ್ತು. ಆದರೆ ಭಾವನಿಗೆ ಖುಷಿ ತಡೆಯಲಾಗಲಿಲ್ಲ. ಅಂಗಡಿಗೆ ಬಂದವರಿಗೆಲ್ಲ “ನಮ್ಮ ನಾದಿನಿ ಆಂಬುಲೆನ್ಸೇ ರಿಪೇರಿ ಮಾಡಿದ್ಲು, ಅದೂ ಆಫೀಸ್ ಶೆಡ್ಡಲ್ಲೇ” ಎಂದು ಹೇಳಿದ್ದೇ ಹೇಳಿದ್ದು. ಬಲ್ಬು ಕೊಳ್ಳಲು ಬಂದ ಕಚೇರಿಯ ಗುಮಾಸ್ತರ ಕಿವಿಗೂ ಬಿತ್ತು. ಮೂರನೇ ದಿನ ಲೈಟಕ್ಕನ ಕೈಗೆ ನೋಟಿಸು: ಪರೀಕ್ಷಕರು ರಿಪೇರಿ ಮಾಡುವಂತಿಲ್ಲ, ಕಚೇರಿಯ ಉಪಕರಣವನ್ನು ಖಾಸಗಿಯಾಗಿ ಬಳಸುವಂತಿಲ್ಲ, ವಿವರಣೆ ಕೊಡಿ. ಅಲ್ಲಿಯವರೆಗೆ ಅರ್ಜಿ ಕೌಂಟರಿಗೆ ವರ್ಗ.

“ರೂಲ್ ಸರಿಯಾಗೇ ಇದೆ” ಎನ್ನುತ್ತಾರೆ ಅವರು. “ಫೇಲ್ ಮಾಡೋರೇ ರಿಪೇರಿ ಮಾಡೋಕೆ ಶುರು ಮಾಡಿದ್ರೆ ನಾಳೆ ಯಾರನ್ನ ನಂಬ್ತೀರಿ? ತಪ್ಪು ಮಾಡಿದೀನಿ ಅಂತ ಬರೆದುಕೊಟ್ಟೆ. ಯಾಕೆ ಮಾಡ್ದೆ ಅಂತಾನೂ ಬರೆದೆ, ಎರಡು ಪುಟ. ನನ್ನ ಸಿಟ್ಟು ಅದಕ್ಕಲ್ಲ. ಆ ಗಾಡಿ ನಾಲ್ಕು ವರ್ಷದಿಂದ ಬರ್ತಿದೆ. ನಾಲ್ಕು ವರ್ಷ ನಾನು ಫೇಲ್ ಅಂತ ಹೇಳಿದೀನಿ, ಆಮೇಲೆ ಪಾಸ್ ಅಂತ ಹೇಳಿದೀನಿ. ಯಾಕೆ ಕಾಣಲ್ಲಪ್ಪ ನಿನಗೆ ಅಂತ ಒಂದು ದಿನಾನೂ ಕೇಳಿಲ್ಲ.”

ಆ ರಾತ್ರಿ ಊಟಕ್ಕೆ ಭಾವ ಕೆಳಗಿಳಿಯಲಿಲ್ಲ. ಅಕ್ಕನೇ ತಟ್ಟೆ ಹಿಡಿದು ಬಂದು, “ಬಾಯಿಗೆ ಬೀಗ ಹಾಕೋ ಅಂಗಡಿ ಇದ್ರೆ ಹೇಳೇ, ಇವರಿಗೊಂದು ತರ್ತೀನಿ” ಎಂದರಂತೆ. ನಾನು ಅಂಗಡಿಗೆ ಹೋಗಿ ವಿಚಾರಿಸಿದಾಗ ಭಾವ ಕೌಂಟರಿನ ಧೂಳು ಒರೆಸುತ್ತ ನಿಂತರು. “ಹೆಮ್ಮೆಯಿಂದ ಹೇಳ್ದೆ ಸ್ವಾಮಿ. ಹೆಮ್ಮೆಗೂ ನೋಟಿಸ್ ಕೊಡ್ತಾರೆ ಅಂತ ಯಾರಿಗೆ ಗೊತ್ತಿತ್ತು?”

ಆರು ವಾರ ಲೈಟಕ್ಕ ಕೌಂಟರಿನಲ್ಲಿ ಕುಳಿತರು. ಮೂರನೇ ಲೇನಿಗೆ ಬಂದ ಬದಲಿ ಮನುಷ್ಯ ಬಗ್ಗುವ ಗೋಜಿಗೆ ಹೋಗಲಿಲ್ಲ. ಆ ಆರು ವಾರದಲ್ಲಿ ದೀಪದಲ್ಲಿ ಫೇಲಾದ ಗಾಡಿ ಎರಡೇ, ಅವೂ ಬಲ್ಬೇ ಇಲ್ಲದವು. ತಿಂಗಳ ವರದಿ ನೋಡಿದ ಮೇಲಿನ ಕಚೇರಿಯಿಂದ ಪ್ರಶ್ನೆ ಬಂತು: ಇಡೀ ಊರಿನ ಹೆಡ್‌ಲೈಟುಗಳು ಇದ್ದಕ್ಕಿದ್ದಂತೆ ಸರಿಹೋದದ್ದು ಹೇಗೆ? ಎಚ್ಚರಿಕೆಯ ಪತ್ರವೊಂದನ್ನು ಕೊಟ್ಟು ಲೈಟಕ್ಕನನ್ನು ಮತ್ತೆ ಪೆಟ್ಟಿಗೆಯ ಮುಂದೆ ಕಳಿಸಿದರು. “ಯಾರೂ ಚೆನ್ನಾಗಿ ಮಾಡ್ತಿದ್ದೆ ಅಂತ ವಾಪಸ್ ಕರೀಲಿಲ್ಲ ನೋಡಿ. ವರದಿ ಸರಿ ಕಾಣ್ಲಿಲ್ಲ ಅಂತ ಕರೆದ್ರು.”

ಈಗ ಅವರು ಸ್ಕ್ರೂ ಮುಟ್ಟುವುದಿಲ್ಲ. ಬದಲಿಗೆ ಪ್ರತಿ ಫೇಲು ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದು ಕೊಡುತ್ತಾರೆ: ಮೊದಲು ಮುಚ್ಚಳ ತಿಕ್ಕಿಸಿ, ವೈರು ನೋಡಿಸಿ, ಗೆರೆಗೆ ಕೂರಿಸಿ, ಹಳೇ ಬಲ್ಬಿದ್ದರೆ ಅದೇ ವಾಟಿನ ಹೊಸ ಜೋಡಿ ಹಾಕಿ. ಇಷ್ಟಾದ ಮೇಲೂ ಇನ್ನೂ ಬೆಳಕು ಬೇಕೆಂದರೆ ಬಲ್ಬಲ್ಲ, ನಿಮ್ಮ ಗಾಡಿಗೆ ಮಾನ್ಯವಾದ ಇಡೀ ದೀಪವನ್ನೇ ಬದಲಾಯಿಸಿ. ಅಷ್ಟೂ ಬರೆದ ಚೀಟಿಯನ್ನು ಎಷ್ಟೋ ಜನ ಅವರೆದುರೇ ಮುದುರಿ ಕಿಸೆಗೆ ತುರುಕುತ್ತಾರೆ. ಭಾವ ಮಾತ್ರ ಪಾಲಿಶ್ ಡಬ್ಬಿಗಳನ್ನು ತರಿಸಿ ಅಂಗಡಿಯ ಮುಂದೆಯೇ ಸಾಲಾಗಿ ಇಟ್ಟಿದ್ದಾರೆ. ಬಲ್ಬು ಎರವಲು ಕೊಡುವುದನ್ನು ಬಿಟ್ಟಿದ್ದೀರಾ ಎಂದು ಕೇಳಿದೆ. “ಕಡಿಮೆ ಮಾಡಿದೀನಿ” ಎಂದು ಆಕಾಶ ನೋಡಿದರು.

ನಾನು ಹೊರಡುವ ಹೊತ್ತಿಗೆ ಲೇನಿನಲ್ಲಿ ಕೊನೆಯ ಗಾಡಿ. “ಬಿಟ್ಬಿಡಿ ಅಕ್ಕ” ಎನ್ನುವ ದನಿ ಇನ್ನೂ ಕೇಳುತ್ತಿದೆ, “ಬಿಡ್ತೀನಿ, ಸರಿ ಮಾಡ್ಕೊಂಡು ಬನ್ನಿ” ಎನ್ನುವ ಉತ್ತರವೂ. ಚೀಟಿ ಕೊಟ್ಟು, ಸೊಂಟಕ್ಕೆ ಕೈಯಿಟ್ಟು ನೆಟ್ಟಗಾದವರನ್ನು, ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದೆ. ಕಣ್ಣೊರೆಸಿಕೊಂಡರು.

“ನಮ್ಮನೇಲಿ ಗಾಡಿ ಇಲ್ಲ. ಎಂಟು ಗಂಟೆಗೆ ಮಲಗಿಬಿಡ್ತೀನಿ. ಲಕ್ಷಗಟ್ಟಲೆ ಹೆಡ್‌ಲೈಟ್ ನೋಡಿದೀನಿ, ಅಂಗೈಯಗಲದ ಪರದೆ ಮೇಲೆ. ರಸ್ತೆ ಮೇಲೆ ಬೆಳಕು ಹೇಗೆ ಬೀಳುತ್ತೆ ಅಂತ ಒಳಗೆ ಕೂತು ಒಂದ್ಸಲಾನೂ ನೋಡಿಲ್ಲ. ಆ ಆಂಬುಲೆನ್ಸಲ್ಲಿ ಆ ನಲವತ್ತು ಕಿಲೋಮೀಟರ್ ಒಂದ್ಸಲ ಹೋಗ್ಬೇಕು.” ಬೆರಳೆತ್ತಿ, ದಡ್ಡನಿಗೆ ಹೇಳುವಂತೆ ಬಿಡಿಸಿ ಹೇಳಿದರು: “ಮುಂದಿನ ಸೀಟಲ್ಲಿ. ಬರ್ಕೊಳ್ಳಿ ಸರಿಯಾಗಿ. ಹಿಂದೆ ಅಲ್ಲ.”