ಹೊಲದಲ್ಲಿ ರಾಶಿ ಹಾಕಿದ ಮೀನು

ಟಿ.ಬಿ. ಡ್ಯಾಂ ರಸ್ತೆಯಲ್ಲಿ ಮೀನು ಹುರಿಯುವ ವಾಸನೆ ಬಂದರೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಅಂಗೈ ಬೆವರುತ್ತದೆ. ಮೊನ್ನೆಯೂ ಹಾಗೇ ಆಯಿತು. ಲಿಂಗ ಕಟ್ಟಿಕೊಂಡ ಮನೆತನದವನು, ಹೇಸಿಕೊಂಡಿರಬೇಕು ಎಂದುಕೊಳ್ಳಬೇಡಿ. ಹೇಸಿಕೆಯಲ್ಲ, ಅಂಜಿಕೆ. ಹೇಳುತ್ತೇನೆ ಕೇಳಿ, ನಗುವುದಿದ್ದರೆ ನಡುನಡುವೆ ನಕ್ಕುಬಿಡಿ.

ಸಂಡೂರಿನ ಗುಡ್ಡಗಳನ್ನು ಹಗಲೂ ರಾತ್ರಿ ಅಗೆದು ಅದಿರನ್ನು ಲಾರಿಗೆ ತುಂಬುತ್ತಿದ್ದ ಕಾಲ. ಹೊಸಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಬೆಳಿಗ್ಗೆ ಒರೆಸಿದ ಗಾಜು ಮಧ್ಯಾಹ್ನದ ಹೊತ್ತಿಗೆ ಕೆಂಪು. ತಮ್ಮ ವೀರೇಶ ಸಾಲ ಮಾಡಿ ಅದಿರಿನ ಲಾರಿ ತಂದಿದ್ದ. ಅವನಿಗೆ ಲೋಡ್ ಕೊಡುತ್ತಿದ್ದವನು ಒಬ್ಬ ಧಣಿ. ಗಣಿಯೂ ಅವನದೇ, ಲಾರಿ ತೂಗುವ ವೇಬ್ರಿಡ್ಜೂ ಅವನದೇ. ಅವನು ಹುಬ್ಬು ಗಂಟಿಕ್ಕಿದರೆ ಗಾಡಿ ಮನೆಯ ಮುಂದೆ ನಿಲ್ಲಬೇಕು.

ಇಂಥದರಲ್ಲಿ ನನಗೆ ಬರೆಯುವ ತುರಿಕೆ. ಗಿರಾಕಿಗಳಿಲ್ಲದಾಗ ಗಲ್ಲಾದ ಹಿಂದೆ ಕುಳಿತು ಕಾದಂಬರಿಯೊಂದನ್ನು ಬರೆದೆ. ಜನರ ಹೊಲ ನುಂಗುವ ಗಣಿ ಧಣಿ, ಅವನನ್ನು ಎದುರಿಸುವ ವೀರ ತರುಣ. ಬರೆದು ಮುಗಿಸಿದ ಮೇಲೆ ಅಂಜಿಕೆ ಹತ್ತಿತು. ಇದು ಆ ಧಣಿಯೇ ಎಂದು ಯಾರಾದರೂ ಗುರುತು ಹಿಡಿದರೆ? ಗಣಿ ಇದ್ದಲ್ಲೆಲ್ಲ ಸಮುದ್ರ ಮಾಡಿದೆ, ಅದಿರು ಇದ್ದಲ್ಲೆಲ್ಲ ಮೀನು ಮಾಡಿದೆ. ಆಗಿನ್ನೂ ನಾನು ಸಮುದ್ರ ನೋಡಿರಲಿಲ್ಲ. ಮೀನನ್ನಂತೂ ತಟ್ಟೆಯಲ್ಲೂ ಕಂಡವನಲ್ಲ!

ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಒಬ್ಬ ಮೇಡಂ ಇದ್ದರು. ಯಜಮಾನರು ಕಾಲುವೆ ಆಫೀಸಿನಲ್ಲಿ, ಇವರು ಧಾರವಾಡದ ಪ್ರಕಾಶಕರೊಬ್ಬರಿಗೆ ಹಸ್ತಪ್ರತಿ ತಿದ್ದಿಕೊಡುವವರು. ಅವರಿಗೆ ಕೊಟ್ಟೆ. ಹಾಳೆಯ ಮೇಲೆ ಒಂದು ಗೆರೆಯನ್ನೂ ಎಳೆಯುವವರಲ್ಲ. ಬರೆದವನನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವುದು ಅವರ ರೂಢಿ. ಫೋನು ಬಂತು: "ಭಾನುವಾರ ಬರ್ರಿ, ಕುಂತು ಮಾತಾಡೂಣು." ಕುಂತು ಮಾತಾಡುವಂಥದ್ದೇನಿದೆ? ದೊಡ್ಡ ರೋಗ ಇದ್ದಾಗ ಡಾಕ್ಟರೂ ಹಾಗೇ ಅನ್ನುತ್ತಾರೆ. ಬಸ್ಸಿನಲ್ಲಿ ಪ್ರತಿ ಸ್ಟಾಪಿಗೂ ಇಳಿದು ಓಡಿಹೋಗೋಣ ಅನ್ನಿಸಿತು.

"ಬರ್ರಿ, ಕುಂದ್ರಿ. ಮಜ್ಜಿಗಿ ತಗೋರಿ. ಹಿಂಗ್ಯಾಕ ಬೆವರೀರಿ?" ಎಂದರು ಮೇಡಂ. ಆಮೇಲೆ ಹಾಳೆ ತಿರುವಿದರು.

"ಈ ಊರಾಗ ಮೀನು ಹೊಲದಾಗ ರಾಶಿ ಹಾಕ್ತಾರ?"

"ಹೂಂನ್ರಿ, ರೇಟು ಏರೂ ತನಕ."

"ಎರಡು ತಿಂಗಳು ಇಡ್ತಾರಂತ ಬರದೀರಿ. ನಾತ ಬರೂದಿಲ್ಲೇನ್ರಿ?"

ಮಜ್ಜಿಗೆ ಲೋಟ ಕೆಳಗಿಟ್ಟೆ. ಅವರು ಬಿಡಲಿಲ್ಲ. "ಜೆಸಿಬಿಲೆ ಮೀನು ತುಂಬಿಸೀರಿ. ಮೀನಿನ ಧೂಳು ಊರ ಮ್ಯಾಲ ಕುಂದರ್ತೈತಿ ಅಂತೀರಿ. ಮೀನಿಗೆ ಧೂಳು ಎಲ್ಲಿಂದ ಬಂತ್ರಿ?" ಮುಖದಲ್ಲಿ ನಗುವಿಲ್ಲ. ಹಾಳೆ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಯಾರಿಗೆ ಅಂಜೀರಿ?"

ಬಾಗಿಲ ಕಡೆ ಒಮ್ಮೆ ನೋಡಿ, ಧಣಿಯ ವಿಷಯ, ವೀರೇಶನ ಲಾರಿಯ ವಿಷಯ ಎಲ್ಲ ಹೇಳಿದೆ.

"ಅಂಜೂದು ತಪ್ಪಲ್ರಿ," ಎಂದರು. "ಆದ್ರ ನಿಮ್ಮ ನಾಯಕ ಯಾರಿಗೂ ಅಂಜೂದಿಲ್ಲ. ಧಣಿ ಮನಿ ಮುಂದ ನಿಂತು ಭಾಷಣ ಬಿಗೀತಾನ. ಅಂಥವನ್ನ ನಮ್ಮ ಕಡಿ ಒಬ್ಬನ್ನರ ನೋಡೀರೇನು?"

"ಇಲ್ರಿ."

"ಮತ್ತ ನೋಡಿದವ್ರನ್ನ ಬರೀರಿ. ಸಂಡೂರಂತನ ಬರೀರಿ. ಅಂಜಿದವನ ಕಥಿ ಬರೀರಿ."

ಸಂಜೆ ವೀರೇಶ ಮನೆಯ ಮುಂದೆ ಲಾರಿ ತೊಳೆಯುತ್ತಿದ್ದ. ಮೇಡಂ ಹೇಳಿದ್ದನ್ನು ಅವನಿಗೆ ಹೇಳಿದೆ.

"ಸಂಡೂರು ಅಂತ ಬರದ್ರ ಧಣಿಗೆ ಗೊತ್ತಾಗೂದಿಲ್ಲೇನಣ್ಣ?"

"ಆಗ್ತೈತಿ."

ಗಾಲಿಗೆ ನೀರು ಬಿಡುತ್ತಲೇ ಅಂದ: "ಬರಿ. ಬ್ಯಾಡ ಅನ್ನಂಗಿಲ್ಲ. ಆದ್ರ ಅಚ್ಚಿಗೆ ಕೊಡೂಕಿಂತ ಮೊದ್ಲ ನನಗೊಂದು ಮಾತು ಹೇಳು, ಗಾಡಿ ಮಾರಿಬಿಡ್ತೀನಿ."

ಬೈದಿದ್ದರೆ ಜಗಳಾಡಿಯಾದರೂ ಬರೆಯುತ್ತಿದ್ದೆನೇನೋ. ಆ ಮಾತು ಕೇಳಿ ಬರೆಯುವುದನ್ನೇ ಬಿಟ್ಟೆ. ಹಸ್ತಪ್ರತಿ ಅಟ್ಟ ಸೇರಿತು. ಮುಂದೆ ಕೋರ್ಟು ತಡೆ ಹಾಕಿ ಗಣಿಗಳು ನಿಂತವು, ಧಣಿಯ ದರ್ಬಾರು ಮುಗಿಯಿತು, ವೀರೇಶನ ಲಾರಿಯೂ ಸಿಕ್ಕಷ್ಟಕ್ಕೆ ಹೋಯಿತು. ಅಂಜಿಸಲು ಯಾರೂ ಉಳಿಯಲಿಲ್ಲ. ನಾನು ಮಾತ್ರ ಅಂಜುತ್ತಲೇ ಉಳಿದೆ, ಬಿಡಿ.

ಮೊನ್ನೆ ಡ್ಯಾಂ ರಸ್ತೆಯ ಆ ಮೀನಿನ ವಾಸನೆ ಹೊತ್ತು ಮನೆಗೆ ಬಂದವನೇ ಹೊಸ ಹಾಳೆ ತೆಗೆದೆ. ಆ ಸಂಜೆಯದನ್ನೇ ಬರೆದೆ: ಸಂಡೂರಿನ ಧಣಿಗೆ ಅಂಜುವ ಬಟ್ಟೆ ವ್ಯಾಪಾರಿ, ಲಾರಿ ತೊಳೆಯುತ್ತ ಧೈರ್ಯವಾಗಿ ಮಾತಾಡಿದ ಅವನ ತಮ್ಮ. ವೀರೇಶ ಈಗ ನನ್ನ ಜೊತೆಗೇ ಅಂಗಡಿಯಲ್ಲಿದ್ದಾನೆ. ಗಿರಾಕಿಗಳು ಹೋದ ಮೇಲೆ ಅವನಿಗೇ ಓದಿ ಹೇಳಿದೆ. ಮೇಡಂ ಮುಂದೆಯೂ ನಾನು ಅಷ್ಟು ಅಂಜಿರಲಿಲ್ಲ.

ಅವನು ಬಟ್ಟೆ ಮಡಚುವುದನ್ನು ನಿಲ್ಲಿಸಿದ.

"ಚಲೋ ಐತಣ್ಣ. ಆದ್ರ ನಾ ಧೈರ್ಯಸ್ಥ ಅಂತ ಬರದಿಯಲ್ಲ, ಅದು ಸುಳ್ಳು. ಆವತ್ತು ನೀ ಒಳಗ ಹೋದ ಮ್ಯಾಲ ಗಾಲಿ ಮಗ್ಗಲಕ ಕುಂತು ಅತ್ತೀನಿ. ಅದನ್ನ ಹಾಕು."

ಹಾಕುತ್ತಿದ್ದೇನೆ.